ಕನ್ನಡ ಪುಟದ ಭಾರ: ಅಕ್ಷರದ್ದೆಷ್ಟು, ಆಡಂಬರದ್ದೆಷ್ಟು?

ಗಡಿಯಾಚೆಯ ಕನ್ನಡ ವಿದ್ಯಾರ್ಥಿಗೆ ಪಠ್ಯ ದೊರೆಯುವ ದಾರಿ ಈಚಿನ ವರ್ಷಗಳಲ್ಲಿ ಬಹುಮಟ್ಟಿಗೆ ಮೊಬೈಲಿನ ಮೂಲಕವೇ ಹಾಯುತ್ತದೆ. ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರ ತಾಲೂಕುಗಳಲ್ಲಿ ಮರಾಠಿ ಪುಸ್ತಕ ಸಿಕ್ಕಷ್ಟು ಸುಲಭವಾಗಿ ಕನ್ನಡ ಪುಸ್ತಕ ಸಿಗುವುದಿಲ್ಲ. ಧಾರವಾಡಕ್ಕೋ ವಿಜಯಪುರಕ್ಕೋ ಕಲಬುರಗಿಗೋ ಹೋಗಿಬರುವವರಿಗೆ ಹೇಳಿ ತರಿಸಿಕೊಳ್ಳಬೇಕು. ಇಲ್ಲವೇ ಅಂತರಜಾಲದಿಂದ ಇಳಿಸಿಕೊಳ್ಳಬೇಕು. ಇಳಿಸಿಕೊಳ್ಳುವುದು ಪುಕ್ಕಟೆಯೆಂದು ತೋರಿದರೂ ಅದಕ್ಕೊಂದು ತೂಕವಿದೆ, ಆ ತೂಕಕ್ಕೊಂದು ಬೆಲೆಯಿದೆ. ದಿನದ ಡೇಟಾ ಮಿತಿ ಮುಗಿದ ಮೇಲೆ ಅನೇಕ ಮೊಬೈಲ್ ಯೋಜನೆಗಳಲ್ಲಿ ವೇಗ ಸೆಕೆಂಡಿಗೆ 64 ಕಿಲೋಬಿಟ್‌ಗೆ ಇಳಿಯುತ್ತದೆ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಆದ್ದರಿಂದ 64 ಕಿಲೋಬಿಟ್ ಎಂದರೆ ಸೆಕೆಂಡಿಗೆ 8 ಕಿಲೋಬೈಟ್ ಮಾತ್ರ. ಜಾಹೀರಾತುಗಳು ಬಿಟ್ಟಿನಲ್ಲಿ ಮಾತಾಡುತ್ತವೆ, ಕಡತಗಳು ಬೈಟಿನಲ್ಲಿ ತೂಗುತ್ತವೆ. ಈ ವ್ಯತ್ಯಾಸ ತಿಳಿಯದೆ ಲೆಕ್ಕ ತಪ್ಪುವವರೇ ಹೆಚ್ಚು.

ಈ ವೇಗದಲ್ಲಿ 200 ಪುಟದ ಒಂದು ಕನ್ನಡ ಪುಸ್ತಕವನ್ನು ಇಳಿಸಿಕೊಳ್ಳುವ ಪ್ರಸಂಗವನ್ನು ಪರಿಶೀಲಿಸಬಹುದು. ಪುಟಗಳ ಚಿತ್ರ ತೆಗೆದು ಕಟ್ಟಿದ ಪಿಡಿಎಫ್ 30 ಮೆಗಾಬೈಟ್ ಇದ್ದರೆ 3,750 ಸೆಕೆಂಡು ಬೇಕು, ಅಂದರೆ ಒಂದು ಗಂಟೆಗೂ ಮೇಲೆ. ಅದೇ ಪುಸ್ತಕ ಅಕ್ಷರರೂಪದಲ್ಲಿ, ಸಂಕೋಚನಗೊಂಡು ಬಂದರೆ ಸುಮಾರು 300 ಕಿಲೋಬೈಟ್. ನಲವತ್ತು ಸೆಕೆಂಡು ತುಂಬುವುದರೊಳಗೆ ಕೈಸೇರುತ್ತದೆ. ಕೃತಿ ಒಂದೇ, ಓದು ಒಂದೇ. ಹೊರೆ ಮಾತ್ರ ನೂರು ಪಟ್ಟು ಬೇರೆ. ಈ ನೂರು ಪಟ್ಟು ಎಲ್ಲಿಂದ ಬಂತೆಂಬುದನ್ನು ತಿಳಿಯುವುದು ಕಂಪ್ಯೂಟರ್ ವಿಭಾಗದವರಿಗಷ್ಟೇ ಬಿಟ್ಟ ವಿಷಯವೆಂದು ಭಾಷಾ ವಿದ್ಯಾರ್ಥಿಗಳು ಭಾವಿಸಬೇಕಾಗಿಲ್ಲ. ಇದರಲ್ಲಿ ಲಿಪಿಯಿದೆ, ವ್ಯಾಕರಣವಿದೆ, ಗ್ರಂಥಸಂಪಾದನೆಯೂ ಇದೆ.

ಕನ್ನಡ ಲಿಪಿಯೇ ಜಾಲದಲ್ಲಿ ಭಾರವಾದುದು, ಇಂಗ್ಲಿಷ್ ಹಗುರವಾದುದು ಎಂಬ ಮಾತು ಆಗಾಗ ಕೇಳಿಬರುತ್ತದೆ. ಅದರಲ್ಲಿ ಸತ್ಯಾಂಶವಿದೆ, ಆದರೆ ಅದು ಅರ್ಧಸತ್ಯ.

1991ರಲ್ಲಿ ಭಾರತೀಯ ಲಿಪಿಗಳಿಗಾಗಿ ರೂಪುಗೊಂಡ ಇಸ್ಕಿ ಸಂಕೇತದಲ್ಲಿ ಒಂದು ಅಕ್ಷರಕ್ಕೆ ಒಂದೇ ಬೈಟ್ ಸಾಕಾಗುತ್ತಿತ್ತು. ಇಂದಿನ ಜಾಲಪುಟಗಳು ಬಳಸುವ ಸಂಕೇತ ಯೂನಿಕೋಡಿನ ಯುಟಿಎಫ್-8. ಇದನ್ನು 1992ರ ಸೆಪ್ಟೆಂಬರಿನಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದರು; ಅಮೆರಿಕದ ನ್ಯೂಜೆರ್ಸಿಯ ಒಂದು ಉಪಾಹಾರಗೃಹದಲ್ಲಿ, ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ಮೊದಲ ಕರಡು ಗೀಚಿದರೆಂಬುದು ಪೈಕ್ ಅವರೇ ಹೇಳಿರುವ ಸಂಗತಿ. ಈ ಪದ್ಧತಿಯಲ್ಲಿ ರೋಮನ್ ಅಕ್ಷರಕ್ಕೆ ಒಂದು ಬೈಟ್. ಗ್ರೀಕ್, ರಷ್ಯನ್, ಅರಬ್ಬಿ ಅಕ್ಷರಗಳಿಗೆ ಎರಡು. ಕನ್ನಡಕ್ಕೂ ಮರಾಠಿಯ ಬಾಳಬೋಧ ಲಿಪಿಗೂ ಮೂರು. ಇಲ್ಲಿ ಅಕ್ಷರ ಎಂದರೆ ಕಣ್ಣಿಗೆ ಕಾಣುವ ಅಕ್ಷರವಲ್ಲ. ವ್ಯಂಜನ, ಸ್ವರಚಿಹ್ನೆ, ಹಲಂತ ಇವೆಲ್ಲ ಬೇರೆ ಬೇರೆ ಸಂಕೇತಗಳು. ‘ನೀರು’ ಎಂಬಲ್ಲಿ ನಕಾರ, ಈಕಾರದ ಚಿಹ್ನೆ, ರಕಾರ, ಉಕಾರದ ಚಿಹ್ನೆ ಎಂಬ ನಾಲ್ಕಿವೆ. ಒಟ್ಟು 12 ಬೈಟ್. ಮರಾಠಿಯ ‘ಪಾಣೀ’ ಬಾಳಬೋಧದಲ್ಲಿ ಬರೆದರೂ ಅಷ್ಟೇ 12. ಇಂಗ್ಲಿಷಿನ ‘ವಾಟರ್’ ರೋಮನ್ನಿನಲ್ಲಿ 5. ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ ‘ಸ್ತ್ರೀ’ ಆರು ಸಂಕೇತಗಳ ಜೋಡಣೆಯಾದ್ದರಿಂದ 18 ಬೈಟ್ ತೂಗುತ್ತದೆ. ‘ಡೌನ್‌ಲೋಡ್’ ಎಂದು ಬರೆಯುವಾಗ ನಡುವೆ ಒತ್ತಕ್ಷರವಾಗದಂತೆ ತಡೆಯಲು ಸೇರಿಸುವ, ಕಾಣದ ಚಿಹ್ನೆಗೂ ಮೂರು ಬೈಟಿನ ಸುಂಕವಿದೆ.

ಇನ್ನೊಂದು ವಿಪರ್ಯಾಸವನ್ನು ಇಲ್ಲಿಯೇ ಹೇಳಬಹುದು. ದಫ್ತರದ ಕೆಲಸ ಚುರುಕಾಗಿ ಸಾಗಲೆಂದು, ಕೈ ಎತ್ತದೆ ಬರೆಯಲು ರೂಢಿಯಾದ ಮೋಡಿ ಲಿಪಿ 2014ರಲ್ಲಿ ಯೂನಿಕೋಡಿಗೆ ಸೇರಿತು. ತಡವಾಗಿ ಬಂದವರಿಗೆ ದೂರದ ನಿವೇಶನ ಎಂಬಂತೆ ಅದರ ಒಂದೊಂದು ಅಕ್ಷರಕ್ಕೂ ನಾಲ್ಕು ಬೈಟ್ ಬೇಕು. ವೇಗಕ್ಕಾಗಿ ಹುಟ್ಟಿದ ಲಿಪಿಯೇ ಎಲ್ಲಕ್ಕಿಂತ ಭಾರವಾಯಿತು.

ಮೂರು ಬೈಟ್ ಏಕೆ ಬೇಕು ಎಂಬುದನ್ನು ಅಂಚೆಯ ವಿಳಾಸದ ಹೋಲಿಕೆಯಿಂದ ತಿಳಿಯಬಹುದು. ಮೊದಲ ಬೈಟ್ ಊರು, ಎರಡನೆಯದು ಓಣಿ, ಮೂರನೆಯದು ಮನೆ. ಕನ್ನಡ, ದೇವನಾಗರಿ, ತೆಲುಗು, ತಮಿಳು ಮೊದಲಾದವೆಲ್ಲ ಒಂದೇ ಊರಿನವು. ಮೊದಲ ಬೈಟ್ ಎಲ್ಲಕ್ಕೂ ಸಮಾನ. ಓಣಿಗಳು ಮಾತ್ರ ಬೇರೆ. ಕನ್ನಡಕ್ಕೆ ಎರಡೇ ಓಣಿ: ಸ್ವರಗಳು, ವ್ಯಂಜನಗಳು, ಗುಣಿತದ ಹ್ರಸ್ವ ಇಕಾರದ ಚಿಹ್ನೆಯವರೆಗಿನವು ಒಂದರಲ್ಲಿ, ದೀರ್ಘ ಈಕಾರದ ಚಿಹ್ನೆಯಿಂದ ಮುಂದಿನವು, ಹಲಂತ ಮತ್ತು ಅಂಕಿಗಳು ಸೇರಿ, ಇನ್ನೊಂದರಲ್ಲಿ. ಹೀಗಾಗಿ ಒಂದು ಕನ್ನಡ ಪುಟದಲ್ಲಿ ಸಾವಿರಾರು ಸಲ ಅದೇ ಊರು, ಅವೇ ಎರಡು ಓಣಿಗಳ ಹೆಸರು ಮತ್ತೆ ಮತ್ತೆ ಬರುತ್ತವೆ. ಇಷ್ಟೊಂದು ಪುನರುಕ್ತಿ ಇರುವಲ್ಲಿ ಸಂಕೋಚನಕ್ಕೆ ವಿಶೇಷ ಅವಕಾಶವಿದೆ.

ಪುನರುಕ್ತಿಯನ್ನು ಉಳಿತಾಯವಾಗಿ ಪರಿವರ್ತಿಸುವ ವಿದ್ಯೆ ವ್ಯಾಕರಣ ಓದಿದವರಿಗೆ ಹೊಸದಲ್ಲ. ಪಾಣಿನಿಯ ಸೂತ್ರಗಳಲ್ಲಿ ಹಿಂದಿನ ಸೂತ್ರದ ಪದವೊಂದು ಮುಂದಿನ ಸೂತ್ರಕ್ಕೂ ಅನ್ವಯಿಸುವುದಾದರೆ ಅದನ್ನು ಮತ್ತೆ ಹೇಳುವುದಿಲ್ಲ, ಹಿಂದಿನದೇ ಹರಿದುಬರುತ್ತದೆ. ಅದಕ್ಕೆ ಅನುವೃತ್ತಿ ಎಂದು ಹೆಸರು. ಸ್ವರಗಳನ್ನೆಲ್ಲ ಎಣಿಸುವ ಬದಲು ‘ಅಚ್’ ಎಂದು, ವ್ಯಂಜನಗಳನ್ನೆಲ್ಲ ‘ಹಲ್’ ಎಂದು ಹೇಳುವುದು ಪ್ರತ್ಯಾಹಾರ. ‘ಹಲಂತ’ ಎಂಬ ಹೆಸರು ಬಂದದ್ದೂ ಅದರಿಂದಲೇ. ಕೀರ್ತನೆಯ ಪುಸ್ತಕದಲ್ಲಿ ಪಲ್ಲವಿಯನ್ನು ಒಮ್ಮೆ ಅಚ್ಚುಮಾಡಿ, ಪ್ರತಿ ಚರಣದ ಕೊನೆಗೆ ‘ಪ’ ಎಂಬ ಒಂದೇ ಅಕ್ಷರ ಹಾಕುವುದೂ ಇದೇ ಬಗೆಯ ಮಿತವ್ಯಯ.

ಜಾಲಪುಟಗಳ ಸಂಕೋಚನದ ಹಳೆಯ ಹಾಗೂ ಇಂದಿಗೂ ಸರ್ವತ್ರ ಬಳಕೆಯಲ್ಲಿರುವ ಪದ್ಧತಿ ಜಿಜಿಪ್. ಇದರೊಳಗೆ ಎರಡು ವಿಚಾರಗಳು ಕೂಡಿವೆ. ಒಂದು, 1977ರಲ್ಲಿ ಅಬ್ರಹಾಂ ಲೆಂಪೆಲ್ ಮತ್ತು ಜೇಕಬ್ ಜಿವ್ ಮಂಡಿಸಿದ್ದು: ಒಮ್ಮೆ ಬಂದ ಬೈಟುಗಳ ಸಾಲು ಮತ್ತೆ ಬಂದರೆ ಅದನ್ನು ಬರೆಯದೆ, ‘ಇಷ್ಟು ದೂರ ಹಿಂದೆ ಹೋಗಿ ಇಷ್ಟು ಉದ್ದ ನಕಲು ಮಾಡಿಕೋ’ ಎಂಬ ಸೂಚನೆಯನ್ನಷ್ಟೇ ಬರೆಯುವುದು. ಇದು ಅನುವೃತ್ತಿಯ ಯಂತ್ರರೂಪ. ಎರಡನೆಯದು, 1952ರಲ್ಲಿ ಡೇವಿಡ್ ಹಫ್‌ಮನ್ ತೋರಿಸಿದ್ದು: ಪದೇ ಪದೇ ಬರುವುದಕ್ಕೆ ಚಿಕ್ಕ ಸಂಕೇತ, ಅಪರೂಪಕ್ಕೆ ಬರುವುದಕ್ಕೆ ಉದ್ದ ಸಂಕೇತ. ಮನೆಯಲ್ಲಿ ದಿನವೂ ಕರೆಯುವ ಮಗುವಿಗೆ ಚಿಕ್ಕ ಹೆಸರಿಟ್ಟು, ಪೂರ್ಣ ನಾಮಧೇಯವನ್ನು ಶಾಲೆಯ ದಾಖಲೆಗೆ ಬಿಡುವಂತೆ.

ಇದು ಕನ್ನಡದಲ್ಲಿ ಹೇಗೆ ಫಲಿಸುತ್ತದೆ ಎಂಬುದಕ್ಕೆ ಸೊಲ್ಲಾಪುರದವರಿಗೆ ಹತ್ತಿರದ ಉದಾಹರಣೆ ಸಿದ್ಧರಾಮನದು. ಸೊನ್ನಲಿಗೆಯ ಈ ಶರಣನ ವಚನಗಳ ಅಂಕಿತ ‘ಕಪಿಲಸಿದ್ಧಮಲ್ಲಿಕಾರ್ಜುನ’. ಹಲಂತಗಳನ್ನೂ ಸ್ವರಚಿಹ್ನೆಗಳನ್ನೂ ಸೇರಿಸಿ ಎಣಿಸಿದರೆ 21 ಸಂಕೇತಗಳು, 63 ಬೈಟ್. ನೂರು ವಚನಗಳಿರುವ ಪುಟದಲ್ಲಿ ಅಂಕಿತವೊಂದೇ 6,300 ಬೈಟ್ ತೂಗುತ್ತದೆ. ಜಿಜಿಪ್ ಮೊದಲ ವಚನದ ಅಂಕಿತವನ್ನು ಪೂರ್ತಿ ಬರೆದುಕೊಂಡು, ಉಳಿದ ತೊಂಬತ್ತೊಂಬತ್ತರ ಜಾಗದಲ್ಲಿ ಎರಡು ಮೂರು ಬೈಟಿನ ಹಿನ್ನೋಟದ ಸೂಚನೆಯನ್ನಿಡುತ್ತದೆ. ಆರು ಸಾವಿರ ಚಿಲ್ಲರೆ ಇದ್ದದ್ದು ಮುನ್ನೂರು ನಾನೂರಕ್ಕೆ ಇಳಿಯುತ್ತದೆ. ಜಿಜಿಪ್ ಹಿಂತಿರುಗಿ ನೋಡಬಲ್ಲದ್ದು 32 ಕಿಲೋಬೈಟ್ ದೂರವನ್ನು ಮಾತ್ರ. ವಚನ ಚಿಕ್ಕದಾದ್ದರಿಂದ ಹಿಂದಿನ ಅಂಕಿತ ಎಂದೂ ಆ ದೃಷ್ಟಿಯ ಹೊರಗೆ ಹೋಗುವುದಿಲ್ಲ. ಆದರೆ ಒಂದೊಂದು ವಚನಕ್ಕೆ ಒಂದೊಂದು ಪುಟ ಮಾಡಿದರೆ ಈ ಲಾಭವೆಲ್ಲ ಹೋಯಿತು. ಪ್ರತಿ ಪುಟದ ಸಂಕೋಚನವೂ ಹಿಂದಿನ ನೆನಪಿಲ್ಲದೆ ಹೊಸದಾಗಿ ತೊಡಗಬೇಕಾಗುತ್ತದೆ, ಜೊತೆಗೆ ಪುಟದ ತಲೆಬರಹ, ಅಡಿಬರಹ, ಪಟ್ಟಿಗಳು ಸಾಕಷ್ಟು ಸಲ ಮರಳಿ ಬರುತ್ತವೆ. ವಚನಗಳನ್ನು ಜಾಲಕ್ಕೇರಿಸುವ ಸಂಪಾದಕನು ಇದನ್ನು ತಿಳಿದಿರುವುದು ಪಾಠಾಂತರ ತಿಳಿದಿರುವಷ್ಟೇ ಉಪಯುಕ್ತ.

ಜಿಜಿಪ್‌ಗಿಂತ ಬಿಗಿಯಾದ ಬ್ರಾಟ್ಲಿ ಎಂಬ ಪದ್ಧತಿ ಗೂಗಲ್ ಸಂಸ್ಥೆಯಲ್ಲಿ ರೂಪುಗೊಂಡು 2016ರಲ್ಲಿ ಅಂತರಜಾಲದ ದಾಖಲಿತ ಕ್ರಮವಾಯಿತು. ಅದರ ಹೊಟ್ಟೆಯಲ್ಲೇ ಒಂದು ಸಿದ್ಧ ನಿಘಂಟಿದೆ: ಸುಮಾರು ಹದಿಮೂರೂವರೆ ಸಾವಿರ ಪದಗಳು ಮತ್ತು ಪದಭಾಗಗಳು. ಅವುಗಳಲ್ಲಿ ಇಂಗ್ಲಿಷ್, ಸ್ಪ್ಯಾನಿಷ್, ಚೀನೀ, ಹಿಂದಿ, ರಷ್ಯನ್, ಅರಬ್ಬಿ ಭಾಷೆಗಳವೂ ಜಾಲಪುಟದ ಸಂಕೇತಭಾಷೆಯವೂ ಇವೆ, ಕನ್ನಡದವು ಇಲ್ಲ. ಚಿಕ್ಕ ಪಠ್ಯಗಳಲ್ಲಿ ಹಿಂದಿಗೆ ಇದರಿಂದ ತುಸು ಅನುಕೂಲ, ದೇವನಾಗರಿಯ ನೆರೆಯಿಂದ ಮರಾಠಿಗೂ ಅಷ್ಟಿಷ್ಟು ಸಿಗಬಹುದು. ಕನ್ನಡ ಈ ಪಂಕ್ತಿಯಲ್ಲಿ ಕುಳಿತಿಲ್ಲ. ಇದಕ್ಕಾಗಿ ವಿಶೇಷ ಖೇದ ಪಡಬೇಕಾದುದೂ ಇಲ್ಲ. ಪಠ್ಯ ನಾಲ್ಕಾರು ಪುಟ ಬೆಳೆದರೆ ಸಿದ್ಧ ನಿಘಂಟಿನ ಲಾಭ ಕರಗಿಹೋಗಿ, ಪಠ್ಯದೊಳಗಿನ ಪುನರುಕ್ತಿಯೇ ಮುಖ್ಯವಾಗುತ್ತದೆ.

ಒಟ್ಟು ಲೆಕ್ಕ ಹೀಗೆ ನಿಲ್ಲುತ್ತದೆ. ಎರಡು ಸಾವಿರ ಪದಗಳ ಒಂದು ಕನ್ನಡ ಪ್ರಬಂಧದಲ್ಲಿ ಪದಕ್ಕೆ ಸರಾಸರಿ ಎಂಟು ಸಂಕೇತ ಹಿಡಿದರೆ 48 ಕಿಲೋಬೈಟ್. ಪದಗಳ ನಡುವಿನ ಖಾಲಿ ಜಾಗ ಸೇರಿ 50. ಸಂಕೋಚನದ ನಂತರ ಅದು ನಾಲ್ಕರಲ್ಲೊಂದು ಪಾಲಿನ ಆಸುಪಾಸಿಗೆ ಬರುತ್ತದೆ: 12 ಕಿಲೋಬೈಟಿನಷ್ಟು. ಸರ್ವರ್ ಒಂದು ಪುಟವನ್ನು ಕಳಿಸತೊಡಗಿದಾಗ ಓದುಗನ ಕಡೆಯಿಂದ ‘ತಲುಪಿತು’ ಎಂಬ ಉತ್ತರ ಬರುವ ಮುನ್ನವೇ ಮೊದಲ ಕಂತಾಗಿ ಹತ್ತು ಪೊಟ್ಟಣಗಳನ್ನು, ಅಂದರೆ ಸುಮಾರು 14 ಕಿಲೋಬೈಟನ್ನು ಕಳಿಸಬಹುದೆಂಬ ಸೂಚನೆ 2013ರಿಂದ ದಾಖಲಾಗಿದೆ. ಇಡೀ ಪ್ರಬಂಧ ಆ ಮೊದಲ ಕಂತಿನಲ್ಲೇ ಅಡಕವಾಗುತ್ತದೆ. ಡೇಟಾ ಮುಗಿದ ಫೋನಿನಲ್ಲೂ ಎರಡು ಸೆಕೆಂಡಿನ ಆಚೀಚೆ ಓದಲು ತೊಡಗಬಹುದು. ಮೂರು ಬೈಟಿನ ಲಿಪಿಯೆಂದು ದೂರುವವರು ಗಮನಿಸಬೇಕಾದ ಸಂಗತಿ ಇದು.

ಹಾಗಾದರೆ ಕನ್ನಡ ಪುಟಗಳು ಏಕೆ ತೆರೆಯದೆ ಸತಾಯಿಸುತ್ತವೆ? ಮೊಬೈಲಿಗೆ ಬರುವ ಪುಟಗಳ ಮಧ್ಯಾಂಕ ತೂಕ 2022ರ ಹೊತ್ತಿಗೆ 2 ಮೆಗಾಬೈಟ್ ಮುಟ್ಟಿದ್ದನ್ನು ಎಚ್‌ಟಿಟಿಪಿ ಆರ್ಕೈವ್ ದಾಖಲಿಸಿದೆ. ಅದು ಲೋಕದ ಎಲ್ಲ ಭಾಷೆಗಳ ಲೆಕ್ಕ. 64 ಕಿಲೋಬಿಟ್ ವೇಗದಲ್ಲಿ ಅಂಥ ಪುಟಕ್ಕೆ ನಾಲ್ಕು ನಿಮಿಷ ದಾಟುತ್ತದೆ. ಹನ್ನೆರಡು ಕಿಲೋಬೈಟಿನ ಬರಹವನ್ನು ಹೊತ್ತ ಪುಟ ಎರಡು ಸಾವಿರ ಕಿಲೋಬೈಟ್ ತೂಗಿದರೆ ಉಳಿದುದೆಲ್ಲ ಮೇಲಿನ ಆಡಂಬರ.

ಆ ಆಡಂಬರದಲ್ಲಿ ಕನ್ನಡಕ್ಕೆ ವಿಶಿಷ್ಟವಾದದ್ದು ಫಾಂಟ್. ರೋಮನ್ ಲಿಪಿಗೆ ದೊಡ್ಡವು ಚಿಕ್ಕವು ಸೇರಿ ಐವತ್ತೆರಡು ರೂಪ, ಮೇಲೆ ಒಂದಿಷ್ಟು ಚಿಹ್ನೆ. ಕನ್ನಡಕ್ಕೆ ಮೂವತ್ತನಾಲ್ಕು ವ್ಯಂಜನಗಳ ಮೂಲರೂಪ, ಅವುಗಳ ಒತ್ತುಗಳು, ಗುಣಿತದಲ್ಲಿ ತಲೆಕಟ್ಟು ಬದಲಾಗುವ ರೂಪಗಳು, ಅರ್ಕಾವತ್ತು, ಇವನ್ನೆಲ್ಲ ಯಾವುದರ ಕೆಳಗೆ ಯಾವುದು ಹೇಗೆ ಕೂರಬೇಕೆಂಬ ನಿಯಮಾವಳಿ ಎಲ್ಲ ಸೇರಿ ಹಲವು ನೂರು ಆಕೃತಿಗಳಾಗುತ್ತವೆ. ಒಂದು ಫಾಂಟ್ ಕಡತ ಪ್ರಬಂಧಕ್ಕಿಂತ ಹಲವು ಪಟ್ಟು ಭಾರ. ದಪ್ಪ ಅಕ್ಷರಕ್ಕೆ ಇನ್ನೊಂದು ಕಡತ, ತಲೆಬರಹದ ಅಲಂಕಾರಕ್ಕೆ ಮತ್ತೊಂದು. 2018ರಲ್ಲಿ ಮಾನಕವಾದ ವಾಫ್-2 ಎಂಬ ರೂಪ ಬ್ರಾಟ್ಲಿಯನ್ನೇ ಬಳಸಿ ಫಾಂಟನ್ನು ಹಿಂಡುತ್ತದೆ. ಹಿಂಡಿದರೂ ಬರಹಕ್ಕಿಂತ ಅದೇ ದೊಡ್ಡದು. ಬೇಡದ ಆಕೃತಿಗಳನ್ನು ಕತ್ತರಿಸುವುದೂ ಒಂದು ಉಪಾಯ. ಆದರೆ ಕತ್ತರಿ ಹಿಡಿದವರಿಗೆ, ಅಥವಾ ಅವರು ಬಳಸುವ ಉಪಕರಣಕ್ಕೆ, ಒತ್ತಕ್ಷರದ ಜ್ಞಾನವಿರಬೇಕು. ಸಕಾರ, ತಕಾರ, ರಕಾರಗಳನ್ನು ಉಳಿಸಿಕೊಂಡು ಅವುಗಳ ಒತ್ತುಗಳನ್ನು ಬಿಟ್ಟರೆ ‘ಸ್ತ್ರೀ’ಯು ‘ಸ್‌ತ್‌ರೀ’ ಆಗಿ ಬಿಡಿಬಿಡಿಯಾಗಿ ನಿಲ್ಲುತ್ತದೆ.

ಈ ವಿಷಯದಲ್ಲಿ ನೇರವಾದ ನಿರ್ಣಯವೊಂದು ಸಾಧ್ಯ. ವಿಂಡೋಸ್ ಎಕ್ಸ್‌ಪಿಯ ಕಾಲದ ‘ತುಂಗಾ’ದಿಂದ ಮೊದಲಾಗಿ ಇಂದಿನ ಆಂಡ್ರಾಯ್ಡ್ ಮತ್ತು ಐಫೋನುಗಳವರೆಗೆ ಯಂತ್ರದಲ್ಲೇ ಕನ್ನಡ ಫಾಂಟ್ ಕುಳಿತಿರುತ್ತದೆ. ಪಠ್ಯ ಓದಿಸುವ ತಾಣಕ್ಕೆ ಅದೇ ಸಾಕು. ಹೊಸ ಫಾಂಟ್ ಇರಲೇಬೇಕೆಂದರೆ, ಅದು ಬರುವವರೆಗೆ ಯಂತ್ರದ ಫಾಂಟಿನಲ್ಲೇ ಬರಹ ತೋರಿಸುವಂತೆ ಒಂದು ಸಾಲಿನ ಆಜ್ಞೆ ಬರೆಯಬಹುದು. ಅಕ್ಷರ ಬಂದು ಮುಟ್ಟಿದ್ದರೂ ಉಡುಪು ಬಂದಿಲ್ಲವೆಂದು ಓದುಗನನ್ನು ಖಾಲಿ ಪರದೆಯ ಮುಂದೆ ಕೂಡಿಸುವುದು ಅನ್ಯಾಯ.

ಚಿತ್ರಗಳ ಮಾತು ಸಂಕ್ಷೇಪದಲ್ಲಿ ಮುಗಿಯುತ್ತದೆ: ಫೋನಿನಲ್ಲಿ ತೆಗೆದ ಮೂರು ನಾಲ್ಕು ಮೆಗಾಬೈಟಿನ ಸಮಾರಂಭದ ಫೋಟೋವನ್ನು ಪರದೆಯ ಅಗಲಕ್ಕೆ ತಕ್ಕಂತೆ ಇಳಿಸದೆ ಹಾಗೆಯೇ ಏರಿಸಬಾರದು, ಕೆಳಗಿರುವ ಚಿತ್ರ ಓದುಗ ಅಲ್ಲಿಗೆ ಬಂದಾಗ ಇಳಿದರೆ ಸಾಕು. ಜಾವಾಸ್ಕ್ರಿಪ್ಟ್ ಇದಕ್ಕಿಂತ ಸೂಕ್ಷ್ಮ. ಚಿತ್ರ ಇಳಿದರೆ ಮುಗಿಯಿತು. ಜಾವಾಸ್ಕ್ರಿಪ್ಟ್ ಇಳಿದ ಮೇಲೆ ಫೋನು ಅದನ್ನು ಓದಿ ಅರ್ಥೈಸಿ ನಡೆಸಬೇಕು. ಅಗ್ಗದ ಫೋನಿಗೆ ಅದು ಎರಡನೆಯ ಹೊರೆ. ಇಂದಿನ ಅನೇಕ ತಾಣಗಳು ಬರಹವನ್ನು ನೇರವಾಗಿ ಕಳಿಸದೆ ಮೊದಲು ಖಾಲಿ ಚೌಕಟ್ಟನ್ನೂ ಅದನ್ನು ತುಂಬುವ ಯಂತ್ರವನ್ನೂ ಕಳಿಸುತ್ತವೆ. ಒಂದು ತುತ್ತು ಬೇಡಿದವನ ಮನೆಗೆ ಒಲೆ, ಪಾತ್ರೆ, ಅಡುಗೆಯವರನ್ನು ಕಳಿಸಿದ ಹಾಗೆ. ಕವಿತೆಯೊಂದನ್ನು ತೋರಿಸುವ ಪುಟಕ್ಕೆ ಇದಾವುದೂ ಬೇಡ. ವ್ಯಾಪಾರ ನಡೆಸುವ ತಾಣಕ್ಕೆ ಬೇಕಾಗಬಹುದು. ಅಲ್ಲಿಯೂ ಬೇಕಾದಷ್ಟನ್ನೇ, ಬೇಕಾದಾಗಲೇ ಕಳಿಸುವ ಮಾರ್ಗವಿದೆ. ಬೆಂಗಳೂರಿನ ಫ್ಲಿಪ್‌ಕಾರ್ಟ್ 2015ರಲ್ಲಿ ತನ್ನ ಮೊಬೈಲ್ ಜಾಲತಾಣವನ್ನು ಮುಚ್ಚಿ ಆ್ಯಪ್ ಒಂದನ್ನೇ ನೆಚ್ಚಿತು. ಅದೇ ವರ್ಷದ ನವೆಂಬರಿನಲ್ಲಿ ‘ಫ್ಲಿಪ್‌ಕಾರ್ಟ್ ಲೈಟ್’ ಎಂಬ ಹಗುರ ತಾಣದೊಂದಿಗೆ ಮರಳಿತು. ಒಮ್ಮೆ ಇಳಿದ ಭಾಗಗಳನ್ನು ಫೋನಿನಲ್ಲೇ ಕಾದಿಟ್ಟುಕೊಂಡು ಮುಂದಿನ ಭೇಟಿಗಳಲ್ಲಿ ಹೊಸದನ್ನಷ್ಟೇ ತರಿಸುವುದು ಅದರ ಕ್ರಮ. ಆಗ ಪ್ರಕಟವಾದ ಅಂಕಿಗಳ ಪ್ರಕಾರ ಅದರ ಬಳಕೆದಾರರಲ್ಲಿ ಶೇಕಡಾ 63 ಮಂದಿ 2ಜಿ ಜಾಲದಿಂದ ಬರುತ್ತಿದ್ದರು, ಮತ್ತು ಡೇಟಾ ಬಳಕೆ ಮೂರರಲ್ಲೊಂದು ಪಾಲಿಗೆ ಇಳಿದಿತ್ತು.

ಪುಸ್ತಕದ ಪ್ರಶ್ನೆಗೆ ಬಂದರೆ ವಿಷಯ ವಿದ್ಯಾರ್ಥಿಗಳ ಕೈಗೇ ಬರುತ್ತದೆ. ಎ-4 ಅಳತೆಯ ಪುಟವನ್ನು ಅಂಗುಲಕ್ಕೆ 300 ಚುಕ್ಕೆಯಂತೆ ಸ್ಕ್ಯಾನ್ ಮಾಡಿದರೆ 87 ಲಕ್ಷ ಚುಕ್ಕೆಗಳು. ಬಣ್ಣದಲ್ಲಿ ಚುಕ್ಕೆಗೆ ಮೂರು ಬೈಟ್, ಬೂದು ಛಾಯೆಯಲ್ಲಿ ಒಂದು, ಬರೀ ಕಪ್ಪು-ಬಿಳುಪಿನಲ್ಲಿ ಬೈಟಿನ ಎಂಟನೆಯ ಒಂದು ಪಾಲು. ಆಮೇಲೆ ಎಷ್ಟು ಹಿಂಡಿದರೂ ಈ ಮೂಲ ಅನುಪಾತದ ನೆರಳು ಉಳಿಯುತ್ತದೆ. ಹಳದಿಗಟ್ಟಿದ ಕಾಗದದ ಬಣ್ಣವನ್ನು ಹೊತ್ತು ತರುವ ಸ್ಕ್ಯಾನು ಹಸ್ತಪ್ರತಿಗೆ ಅಗತ್ಯ. ಅಚ್ಚಾದ ಪಠ್ಯಪುಸ್ತಕಕ್ಕೆ ಕಪ್ಪು-ಬಿಳುಪು ಸಾಕು. ಇಷ್ಟರಿಂದಲೇ ಹೊರೆ ಬಹಳ ಇಳಿಯುತ್ತದೆ. ಚಿತ್ರವನ್ನು ಅಕ್ಷರವಾಗಿಸಿದರೆ ಇನ್ನೂ ಹೆಚ್ಚು. ಟೆಸರಾಕ್ಟ್‌ನಂಥ ಅಕ್ಷರಗುರುತಿನ ತಂತ್ರಾಂಶಗಳು ಕನ್ನಡವನ್ನು ಓದುತ್ತವೆ, ಒತ್ತಕ್ಷರಗಳಲ್ಲಿ ಎಡವುತ್ತವೆ. ಎಡವಿದ್ದನ್ನು ತಿದ್ದಲು ಕನ್ನಡ ಬಲ್ಲ ಕಣ್ಣು ಬೇಕು. ಕನ್ನಡ ವಿಕಿಸೋರ್ಸ್‌ನಲ್ಲಿ ಸ್ಕ್ಯಾನು ಒಂದು ಬದಿಗೆ, ಪಠ್ಯ ಇನ್ನೊಂದು ಬದಿಗೆ ಇಟ್ಟು ಹೀಗೆ ತಿದ್ದುವ ವ್ಯವಸ್ಥೆಯಿದೆ. ಲೇಖಕರು ತೀರಿಕೊಂಡ ಮೇಲೆ ಅರವತ್ತು ವರ್ಷ ಸಂದ ಕೃತಿಗಳಿಗೆ ನಮ್ಮ ದೇಶದಲ್ಲಿ ಹಕ್ಕುಸ್ವಾಮ್ಯದ ಅಡ್ಡಿಯಿಲ್ಲ.

ಹಗುರತೆಯ ಹೆಸರಿನಲ್ಲಿ ಹಿಂದಿರುಗಬಾರದ ದಾರಿಯೊಂದುಂಟು. ಯೂನಿಕೋಡ್ ರೂಢಿಯಾಗುವ ಮುನ್ನ ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ ಕನ್ನಡಕ್ಕೆ ಆಕೃತಿಗೊಂದರಂತೆ ಒಂದೇ ಬೈಟ್. ತೂಕದಲ್ಲಿ ಅದು ಗೆದ್ದಂತೆ ತೋರುತ್ತದೆ. ಆದರೆ ಆ ಫಾಂಟಿಲ್ಲದ ಯಂತ್ರದಲ್ಲಿ ಅದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಹುಡುಕಿದರೆ ಸಿಗದು, ಪಿಡಿಎಫ್‌ನಿಂದ ನಕಲಿಸಿದರೆ ಕನ್ನಡವಾಗಿ ಬಾರದು. ಆ ತಂತ್ರಾಂಶಗಳು ಕನ್ನಡಕ್ಕೆ ಮಾಡಿದ ಉಪಕಾರ ದೊಡ್ಡದು. ಇಂದು ಅವುಗಳಲ್ಲೇ ಯೂನಿಕೋಡ್ ಆಯ್ಕೆಯೂ ಇದೆ. ಸೆಮಿನಾರಿನ ಪ್ರಬಂಧವನ್ನಾಗಲಿ ಕ್ಷೇತ್ರಕಾರ್ಯದಲ್ಲಿ ಸಂಗ್ರಹಿಸಿದ ಹಂತಿಯ ಹಾಡನ್ನಾಗಲಿ ಟೈಪು ಮಾಡುವವರು ಆ ಆಯ್ಕೆಯನ್ನೇ ಒತ್ತಬೇಕು.

ಯಾವ ಪುಟದ ಭಾರವನ್ನಾದರೂ ಅಳೆಯುವ ತಕ್ಕಡಿ ಕಾಲೇಜಿನ ಕಂಪ್ಯೂಟರ್ ಪ್ರಯೋಗಾಲಯದಲ್ಲೇ ಇದೆ. ಕ್ರೋಮ್ ಅಥವಾ ಫೈರ್‌ಫಾಕ್ಸ್ ಬ್ರೌಸರಿನಲ್ಲಿ ಎಫ್-12 ಕೀಲಿಯನ್ನು ಒತ್ತಿ ‘ನೆಟ್‌ವರ್ಕ್’ ಎಂಬ ಭಾಗವನ್ನು ತೆರೆದು ಪುಟವನ್ನು ಮತ್ತೊಮ್ಮೆ ತರಿಸಿದರೆ, ಒಂದೊಂದು ಕಡತದ ತೂಕವೂ ಸಾಲಾಗಿ ಬರುತ್ತದೆ. ಕೆಳಗೆ ಎರಡು ಮೊತ್ತಗಳಿರುತ್ತವೆ. ಒಂದು ಜಾಲದಲ್ಲಿ ಹರಿದು ಬಂದದ್ದು, ಇನ್ನೊಂದು ಸಂಕೋಚನ ಬಿಚ್ಚಿದ ಮೇಲಿನದು. ಎರಡೂ ಹೆಚ್ಚುಕಡಿಮೆ ಸಮವಾಗಿದ್ದು, ಬಂದುದರಲ್ಲಿ ಬರಹವೇ ಹೆಚ್ಚಾಗಿದ್ದರೆ ಆ ತಾಣದವರು ಸಂಕೋಚನವನ್ನು ಚಾಲೂ ಮಾಡಿಲ್ಲವೆಂದು ತಿಳಿಯಬೇಕು. ಸರ್ವರಿನಲ್ಲಿ ಅದು ಕೆಲವೇ ನಿಮಿಷದ ಕೆಲಸ, ತಾಣದವರಿಗೆ ಒಂದು ಪತ್ರ ಬರೆದರೂ ಆಗುತ್ತದೆ. ಅಲ್ಲಿಯೇ ಜಾಲದ ವೇಗವನ್ನು ಬೇಕೆಂದೇ ತಗ್ಗಿಸಿ ನೋಡುವ ಆಯ್ಕೆಯೂ ಉಂಟು. ಪ್ರಯೋಗಾಲಯದ ವೇಗದ ಸಂಪರ್ಕದಲ್ಲಿ ಕ್ಷಣಾರ್ಧದಲ್ಲಿ ತೆರೆಯುವ ಪುಟ, ತಾಲೂಕಿನ ಕೊನೆಯ ಊರಿನಲ್ಲಿ ಹೇಗೆ ತೆರೆಯುತ್ತದೆ ಎಂಬುದು ಆಗ ಕಾಣುತ್ತದೆ.